ದಿನಾ ತಿರುಗಿಕೊಳ್ಳುವುದು ಎಂದರೆ

"ದೀಕ್ಷಾಸ್ನಾನಕ್ಕೆ ಮುಂಚೆಯೇ ಪಶ್ಚಾತ್ತಾಪಪಟ್ಟಿದ್ದೇನೆ ಪಾಸ್ಟರ್, ಮತ್ತೆ ದಿನಾ ಯಾಕೆ?" ಈ ಪ್ರಶ್ನೆಯನ್ನು ಸಭೆಯಲ್ಲಿ ಜನ ನನಗೆ ಆಗಾಗ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಪಶ್ಚಾತ್ತಾಪ ಎಂದರೆ ಅಳು. ದಿನಾ ಅಳುವುದು ಯಾರಿಂದ ಆಗುತ್ತದೆ?

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಯೇಸುವಿಗೆ ಮುಂಚೆ ಬಂದ ಪ್ರವಾದಿ ಸ್ನಾನಿಕ ಯೋಹಾನ ಹೇಳುವುದು, "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದು. ಪಶ್ಚಾತ್ತಾಪಕ್ಕೆ ಈ ಅನುವಾದ ನನಗೆ ತುಂಬಾ ಇಷ್ಟ. ಗ್ರೀಕಿನ ಮೆಟನೋಯಿಯ ಎಂದರೆ ಮನಸ್ಸು ಬದಲಾಗುವುದು. ಹೀಬ್ರೂವಿನ ಶೂವ್ ಎಂದರೆ ಹೊರಳಿ ವಾಪಸ್ ಬರುವುದು. ನಾವು ದಿಕ್ಕು ತಪ್ಪುವುದು ದಿನಾ ತಾನೇ? ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳಿದ ಬೆನ್ನಿಗೇ ಕ್ಷಮೆ ಕೇಳುತ್ತೇವೆ. 1517ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೂ ಇದೇ: ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೈಬಲಿನ ರಾಜ ದಾವೀದನನ್ನು ನೋಡಿ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಅರಮನೆಗೆ ತಂದ. ಪ್ರವಾದಿ ನಾತಾನ ಬರುವ ಹೊತ್ತಿಗೆ ಮಗುವೂ ಹುಟ್ಟಿತ್ತು. ಅಂದರೆ ತಿಂಗಳುಗಟ್ಟಲೆ ಸುಮ್ಮನಿದ್ದ. ನಾತಾನ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿದಾಗ ದಾವೀದ ಕೆಂಡಾಮಂಡಲವಾದ. ಇನ್ನೊಬ್ಬರ ತಪ್ಪು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ತನ್ನದು ಮಾತ್ರ ಕಾಣಲಿಲ್ಲ. ಈ ಭಾಗ ಓದುವಾಗೆಲ್ಲ ನನಗೆ ಭಯವಾಗುತ್ತದೆ.

ಹಾಗಾಗಿ ಮಲಗುವ ಮುಂಚೆ ಹತ್ತು ನಿಮಿಷ ಕೂರಿ ಎನ್ನುತ್ತೇನೆ. ಮೊದಲು ಆ ದಿನಕ್ಕಾಗಿ ಸ್ತೋತ್ರ ಸಲ್ಲಿಸಿ. ಆಮೇಲೆ ಬೈಬಲಿನ 139ನೇ ಕೀರ್ತನೆಯ ಕೊನೆಯಲ್ಲಿರುವಂತೆ, ನನ್ನನ್ನು ಪರೀಕ್ಷಿಸು ಎಂದು ದೇವರನ್ನೇ ಕೇಳಿ. ನಮ್ಮನ್ನು ನಾವೇ ಅಗೆಯಲು ಹೊರಟರೆ ಒಂದೋ ಎಲ್ಲವನ್ನೂ ಮುಚ್ಚಿಡುತ್ತೇವೆ, ಇಲ್ಲವೇ ಕುಗ್ಗಿಹೋಗುತ್ತೇವೆ. ನೆನಪಿಗೆ ಬಂದದ್ದನ್ನು ಹೆಸರಿಟ್ಟು ಹೇಳಿ. "ನನ್ನ ಪಾಪಗಳನ್ನೆಲ್ಲ ಕ್ಷಮಿಸು" ಎನ್ನುವುದು ಸುಲಭ. "ಮಗಳು ಮಾತಾಡಲು ಬಂದಾಗ ಫೋನಿನಿಂದ ತಲೆ ಎತ್ತಲಿಲ್ಲ, ಅವಳು ಸುಮ್ನೆ ಎದ್ದು ಹೋದಳು" ಎನ್ನುವುದು ಕಷ್ಟ. ಅದನ್ನೇ ಹೇಳಿ. "ಆದರೆ ನನಗೂ ಕೆಲಸ ಜಾಸ್ತಿ ಇತ್ತು" ಎಂದು ಸೇರಿಸಬೇಡಿ.

ಕೆಲವು ತಪ್ಪುಗಳು ಪ್ರಾರ್ಥನೆಯಲ್ಲೇ ಮುಗಿಯುವುದಿಲ್ಲ. ಒಮ್ಮೆ ಸಭಾಹಿರಿಯರೊಬ್ಬರಿಗೆ ಎಲ್ಲರೆದುರು ಒರಟಾಗಿ ಮಾತಾಡಿದ್ದೆ. ಮೂರು ರಾತ್ರಿ ದೇವರ ಮುಂದೆ ಅರಿಕೆ ಮಾಡಿಕೊಂಡರೂ ಸಮಾಧಾನ ಸಿಗಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆಯಲ್ಲ, ಅದನ್ನು ನಾನೇ ಬೋಧಿಸಿದ್ದೆ. ನಾಲ್ಕನೇ ದಿನ ಅವರ ಮನೆಗೆ ಹೋದೆ. "ನನಗೂ ನಿದ್ದೆ ಬಂದಿರಲಿಲ್ಲ ಅಯ್ಯನವರೇ" ಎಂದರು.

ಇನ್ನು, ದಿನವೂ ಹೀಗೆ ಮಾಡಿದರೆ ತಪ್ಪಿನ ಭಾರದಲ್ಲೇ ಬದುಕಿದಂತೆ ಆಗುವುದಿಲ್ಲವೇ ಎಂದು ಕೆಲವರು ಹೆದರುತ್ತಾರೆ. ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ದುಃಖವಾಯಿತು, ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನಿಗೂ ಆಯಿತು. ಯೂದ 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟ, ಪಾಪ ಮಾಡಿದೆನೆಂದು ಒಪ್ಪಿಕೊಂಡ. ಆದರೆ ಯಾಜಕರ ಹತ್ತಿರ ಹೋದನೇ ಹೊರತು ಯೇಸುವಿನ ಹತ್ತಿರ ಬರಲಿಲ್ಲ. ಪೇತ್ರನೋ, ಯೇಸು ಸತ್ತು ಮತ್ತೆ ಎದ್ದುಬಂದ ಮೇಲೆ, ದಡದಲ್ಲಿ ನಿಂತಿರುವುದು ಕರ್ತನೇ ಎಂದು ಕೇಳಿದ ಕೂಡಲೇ ದೋಣಿಯಿಂದ ನೀರಿಗೆ ಧುಮುಕಿದ.