ಸತ್ತ ರೋಗಾಣುವಿನ ಸುಳಿವು ಹಿಡಿದ ಪಿಸಿಆರ್

ಮಗುವಿಗೆ ಜೋರು ಜ್ವರ, ವಾಂತಿ, ಕತ್ತು ಬಗ್ಗಿಸಲಾಗದಷ್ಟು ಬಿಗಿತ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ಇರಬಹುದೆಂದು ವೈದ್ಯರು ಬೆನ್ನಿನ ನೀರು ತೆಗೆಯುತ್ತಾರೆ. ತಿಳಿಯಾಗಿರಬೇಕಾದ ಆ ದ್ರವ ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಬ್ಯಾಕ್ಟೀರಿಯಾದ್ದೇ ಕೆಲಸವೆಂಬ ಅನುಮಾನ ಬಲವಾಗುತ್ತದೆ. ಯಾವ ಬ್ಯಾಕ್ಟೀರಿಯಾ, ಅದರಲ್ಲಿ ಯಾವ ಗುಂಪು (ಉಪಬಗೆ)? ಚಿಕಿತ್ಸೆ ಶುರುಮಾಡಲು ಗುಂಪು ತಿಳಿಯಬೇಕೆಂದಿಲ್ಲ. ಆದರೆ ಊರಿನ ಉಳಿದ ಮಕ್ಕಳಿಗೆ ಯಾವ ಲಸಿಕೆ ಹಾಕಬೇಕೆನ್ನಲು ಅದು ತಿಳಿಯಲೇಬೇಕು.

1887ರಲ್ಲಿ ವಿಜ್ಞಾನಿ ಆಂಟನ್ ವೈಕ್ಸೆಲ್‌ಬಾಮ್ ಮೆನಿಂಜೈಟಿಸ್ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾವನ್ನು ಗುರುತಿಸಿದ ಮೇಲೆ ಬಹುಕಾಲ, ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೇ ಮುಖ್ಯ ಆಧಾರವಾಗಿತ್ತು. ಅದಕ್ಕೆ ರೋಗಾಣು ಜೀವಂತವಾಗಿರಬೇಕು. ಮೆನಿಂಗೊಕಾಕಸ್ ಬಲು ನಾಜೂಕು. ಫ್ರಿಜ್ಜಿನ ತಂಪಿಗೇ ಸಾಯಬಹುದು. ಆಂಟಿಬಯಾಟಿಕ್‌ನ ಮೊದಲ ಡೋಸ್ ಬಿದ್ದರೂ ಬೆಳೆಯದೇ ಹೋಗಬಹುದು. ಹಾಗೆಂದು ಔಷಧಿ ತಡಮಾಡಿದರೆ ಮಗುವಿನ ಜೀವಕ್ಕೇ ಅಪಾಯ.

ಈ ಇಕ್ಕಟ್ಟು ಅತಿ ಹೆಚ್ಚು ಕಾಡಿದ್ದು ಸೆನೆಗಲ್‌ನಿಂದ ಇಥಿಯೋಪಿಯಾವರೆಗಿನ ಆಫ್ರಿಕಾದ ‘ಮೆನಿಂಜೈಟಿಸ್ ಪಟ್ಟಿ’ಯನ್ನು. ಅಲ್ಲಿ 1996–97ರ ಒಂದೇ ಪಿಡುಗಿಗೆ ಸುಮಾರು 25,000 ಜನ ಬಲಿಯಾದರು. ದೂಳು ತುಂಬಿದ ಬೇಸಿಗೆಯಲ್ಲಿ ಹಳ್ಳಿಯ ಆಸ್ಪತ್ರೆಯಿಂದ ರಾಜಧಾನಿಯ ಲ್ಯಾಬಿಗೆ ಮಾದರಿ ತಲುಪುವಷ್ಟರಲ್ಲಿ ಎಷ್ಟೋ ಸಲ ಅದರಲ್ಲಿ ಜೀವ ಉಳಿದಿರುತ್ತಿರಲಿಲ್ಲ.

ವಿಜ್ಞಾನಿ ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ, ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡಿ ಅದನ್ನು ಪತ್ತೆಹಚ್ಚುವ ಪಿಸಿಆರ್ ವಿಧಾನ ಈ ಗಂಟನ್ನು ಬಿಡಿಸಿತು. ಅದಕ್ಕೆ ಜೀವಂತ ರೋಗಾಣು ಬೇಡ, ಅದರ ಡಿಎನ್‌ಎ ತುಣುಕು ಸಾಕು. ಮೆನಿಂಗೊಕಾಕಸ್‌ಗೆ ‘ಸಿಟಿಆರ್‌ಎ’, ಮೆನಿಂಜೈಟಿಸ್ ತರುವ ಇನ್ನೊಂದು ಬ್ಯಾಕ್ಟೀರಿಯಾ ನ್ಯುಮೋಕಾಕಸ್‌ಗೆ ‘ಲಿಟ್‌ಎ’ ಎಂಬ ಜೀನ್‌ಗಳನ್ನು ಹುಡುಕುತ್ತಾರೆ. ಮಾದರಿಯನ್ನು ಫ್ರೀಜ್ ಮಾಡಿಯೂ ಕಳಿಸಬಹುದು. ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂದು ತಿಳಿಯಲು ಮಾತ್ರ ಇಂದಿಗೂ ಕಲ್ಚರ್ ಬೇಕು.

ನೈಜರ್‌ನ ರಾಜಧಾನಿ ನಿಯಾಮೆಯಲ್ಲಿರುವ ಸರ್ಮೆಸ್ ಸಂಶೋಧನಾ ಕೇಂದ್ರ ಪಿಸಿಆರ್ ಬಳಸಿ 2006ರಲ್ಲಿ ಕಂಡುಕೊಂಡ ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಆ ವರ್ಷ ದೃಢಪಟ್ಟ ಮೆನಿಂಗೊಕಾಕಸ್ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ‘ಎಕ್ಸ್’ ಗುಂಪಿನವು. ಅದಕ್ಕೆ ಲಸಿಕೆಯೇ ಇರಲಿಲ್ಲ.

2010ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಮೆನ್‌ಆಫ್ರಿವ್ಯಾಕ್ ಲಸಿಕೆ ಬಂದು ‘ಎ’ ಗುಂಪನ್ನು ಅಡಗಿಸಿತು. 2015ರಲ್ಲಿ ನೈಜರ್‌ನಲ್ಲೇ ‘ಸಿ’ ಗುಂಪು ಎದ್ದು 8,500ಕ್ಕೂ ಹೆಚ್ಚು ಜನರಿಗೆ ರೋಗ ಬಂತು. ‘ಎಕ್ಸ್’ ಸೇರಿ ಐದು ಗುಂಪುಗಳನ್ನು ತಡೆಯುವ ಮೆನ್‌ಫೈವ್ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದ್ದು 2023ರಲ್ಲಿ, ಅದೂ ಪುಣೆಯದೇ. 2024ರಲ್ಲಿ ನೈಜೀರಿಯಾ ಅದನ್ನು ಮೊದಲು ಬಳಕೆಗೆ ತಂದಿತು. ಲ್ಯಾಬ್ ಎಚ್ಚರಿಸಿದ ಮೇಲೆ ಲಸಿಕೆ ಬರಲು ಹದಿನೇಳು ವರ್ಷ ಹಿಡಿಯಿತು. ಮಕ್ಕಳ ವಿಷಯದಲ್ಲಿ ಇಷ್ಟು ತಡ ಒಪ್ಪುವಂಥದ್ದಲ್ಲ.