ಸೋಸಿ ತಂದ ನೀರಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು?

"ಸಾರ್, ಚೆನ್ನಾಗಿ ಸೋಸಿ ತಂದಿದ್ದೀನಿ. ಲ್ಯಾಬಿಗೆ ಗಲೀಜು ನೀರು ಕೊಡೋಕಾಗುತ್ತಾ?" ಮೊನ್ನೆ ತೋಟದ ಬೋರ್‌ವೆಲ್ ನೀರು ತಂದ ಯಜಮಾನರ ಮಾತಿದು. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ್ದರಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಅಳೆಯಬೇಕಿದ್ದ ಕಬ್ಬಿಣ ಬಹುಪಾಲು ಆ ಪಂಚೆಯಲ್ಲೇ ಉಳಿದಿತ್ತು.

ಸೋಸದವರು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ತರುತ್ತಾರೆ. ಆಮೇಲೆ ರಿಪೋರ್ಟ್ ಹಿಡಿದು, "ಬಕೆಟ್ಟೆಲ್ಲ ಕೆಂಪಾಗಿದೆ, ನೀವು ಕಬ್ಬಿಣ ಇಲ್ಲ ಅಂತೀರಲ್ಲ" ಅಂತ ನಮ್ಮ ಮೇಲೇ ಜಗಳ.

ಕಬ್ಬಿಣ ಅಳೆಯಲು ನಾವು ನೀರಿಗೆ ಹಾಕುವ ಫೆನಾಂತ್ರೊಲೀನ್ ಎಂಬ ರಾಸಾಯನಿಕ ಏಡಿ ಇದ್ದ ಹಾಗೆ. ಒಂದೊಂದು ಅಣುವೂ ತನ್ನ ಎರಡು ನೈಟ್ರೋಜನ್‌ಗಳಿಂದ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಮೂರು ಸೇರಿ ಒಂದನ್ನು ಮುತ್ತಿದರೆ ಕಿತ್ತಳೆ ಕೆಂಪು ಬಣ್ಣ, ಅದನ್ನು 510 ನ್ಯಾನೊಮೀಟರ್ ಅಲೆಯುದ್ದದ ಬೆಳಕಿನಲ್ಲಿ ಅಳೆಯುತ್ತೇವೆ. ಆದರೆ ಈ ಬಣ್ಣ ಕೊಡುವುದು ಕರಗಿರುವ ಫೆರಸ್ ಕಬ್ಬಿಣ ಮಾತ್ರ. ನೆಲದಡಿ ಗಾಳಿಯಾಡದ ಕಡೆ ಇರುವುದು ಅದೇ, ಹಾಗಾಗಿ ಬೋರಿನಿಂದ ಬಂದಾಗ ನೀರು ತಿಳಿಯಾಗೇ ಇರುತ್ತದೆ. ಗಾಳಿ ತಾಗಿ ಸ್ವಲ್ಪ ಹೊತ್ತಾದರೆ ಅದು ಫೆರಿಕ್ ಆಗಿ, ತುಕ್ಕಿನ ಬಣ್ಣದ ಗಸಿಯಾಗಿ ತಳಕ್ಕಿಳಿಯುತ್ತದೆ, ಬಾಟಲಿ ಗೋಡೆಗೂ ಅಂಟುತ್ತದೆ. ನಮಗೆ ಆ ಗಸಿಯೇ ಬೇಕು ಮಾರಾಯ್ರೆ!

ಗಸಿ ಕೊಟ್ಟರೆ ಮುಂದಿನದು ನಮ್ಮ ಕೆಲಸ. ಹೈಡ್ರೋಕ್ಲೋರಿಕ್ ಆಮ್ಲ, ಹೈಡ್ರಾಕ್ಸಿಲಮೈನ್ ಹಾಕಿ ಕುದಿಸಿ, ಫೆರಿಕ್ಕನ್ನು ಮತ್ತೆ ಫೆರಸ್ ಮಾಡಿ, ಆರಿಸಿ, ಹುಳಿಯನ್ನು ಹದದಲ್ಲಿಡುವ ಬಫರ್ ದ್ರಾವಣ ಹಾಕಿದ ಮೇಲೆ ಫೆನಾಂತ್ರೊಲೀನ್. ಹೈಡ್ರಾಕ್ಸಿಲಮೈನ್ ಮರೆತು "ಬಣ್ಣವೇ ಬರಲಿಲ್ಲ ಸಾರ್, ಕಬ್ಬಿಣ ಸೊನ್ನೆ" ಅಂದ ಟ್ರೇನಿಗಳೂ ಇದ್ದಾರೆ, ಬರೀ ನಿಮ್ಮನ್ನೇ ಬೈದರೆ ತಪ್ಪಾಗುತ್ತದೆ.

ಅಂದಹಾಗೆ ಯಜಮಾನರ ಮನೆಯವರು ಮೊದಲೇ ಹೇಳಿದ್ದರಂತೆ, ಈ ನೀರಲ್ಲಿ ಟೀ ಕಾಸಿದರೆ ಕಪ್ಪಗಾಗುತ್ತೆ ಅಂತ. ಟೀಯ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಅಂದಾಜಿಗೆ ಸಾಕು, ಅಳತೆಗೆ ಸಾಲದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅದನ್ನು ಟೀ ಲೋಟ ಹೇಳುವುದಿಲ್ಲ.

ಕಬ್ಬಿಣ ಗಸಿಯಾಗದೆ ಕರಗಿಯೇ ಇರಲು, ಲ್ಯಾಬಿನಿಂದಲೇ ಆಮ್ಲ ಹಾಕಿದ ಬಾಟಲಿ ಕೇಳಿ ಪಡೆಯಿರಿ. ಅದನ್ನು ತೊಳೆಯಬೇಡಿ, ದಯವಿಟ್ಟು. ಮೋಟರ್ ಸ್ವಲ್ಪ ಹೊತ್ತು ಓಡಿಸಿ, ಉಕ್ಕಿಸದೆ ತುಂಬಿಸಿ. ಫೆರಸ್ ಎಷ್ಟು, ಫೆರಿಕ್ ಎಷ್ಟು ಅಂತ ಬೇರೆ ಬೇರೆ ಬೇಕಿದ್ದರೆ ಮಾತ್ರ ಬೋರ್ ಹತ್ತಿರವೇ ಪರೀಕ್ಷೆ ಮಾಡಬೇಕಾಗುತ್ತದೆ.

ಇಷ್ಟನ್ನೂ ಯಜಮಾನರಿಗೆ ಎರಡೆರಡು ಸಲ ಹೇಳಿ ಕಳಿಸಿದೆ. ಮರುದಿನ ಹೊಸ ಬಾಟಲಿ ತಂದರು. ಜೊತೆಗೊಂದು ಕವರ್. ಬಿಚ್ಚಿ ನೋಡಿದರೆ ಆ ಪಂಚೆ.