ತರಬೇತಿ ಬೇಕಾದದ್ದು ಸಭೆಗೆ

ಚಳ್ಳಕೆರೆಯ ಸಾಮರ್ಥ್ಯ ಸೌಧದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಇದ್ದ ದಿನ ಹೊರಗೆ ಮರದ ನೆರಳಲ್ಲಿ ಬೈಕುಗಳ ಸಾಲು ನಿಂತಿರುತ್ತದೆ. ಹೆಂಡತಿಯನ್ನೋ, ತಾಯಿಯನ್ನೋ, ಸೊಸೆಯನ್ನೋ ಕರೆತಂದ ಗಂಡಸರು ಸಂಜೆವರೆಗೂ ಅಲ್ಲೇ ಕಾಯುತ್ತಾರೆ. ಊಟದ ಹೊತ್ತಿಗೆ ಅವರಲ್ಲೊಬ್ಬರು ಒಳಗೆ ಬಂದು, "ಮೇಡಂ, ಆ ಕೈಪಿಡಿ ನನ್ ಕೈಗೆ ಕೊಡ್ರಿ, ಮನೇಲಿ ನಾನೇ ಓದಿ ಹೇಳ್ತೀನಿ" ಅನ್ನುವುದೂ ಮಾಮೂಲು. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಕೈಪಿಡಿ ಯಾರ ಹೆಸರಿನಲ್ಲಿ ಬಂದಿದೆಯೋ ಅವರ ಕೈಗೇ ಕೊಡುತ್ತೇನೆ.

ಹದಿನಾರು ವರ್ಷಗಳಿಂದ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಓಡಾಡುತ್ತಿದ್ದೇನೆ. ಮೊದಲ ಏಳೆಂಟು ವರ್ಷ ನಾನು ಹೊಸ ಸದಸ್ಯೆಯರಿಗೆ ಹೇಳಿಕೊಟ್ಟದ್ದು ಹೆಚ್ಚುಕಡಿಮೆ ಒಂದೇ ಮಾತು. ಹೆದರಬೇಡಿ, ಎದ್ದು ನಿಲ್ಲಿ, ಮಾತಾಡಿ. ಒಬ್ಬೊಬ್ಬರ ಕೈಗೂ ಮೈಕ್ ಕೊಟ್ಟು ಹೆಸರು, ಊರು, ವಾರ್ಡಿನ ಸಮಸ್ಯೆ ಹೇಳಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು, ಸಂಜೆ ಎಲ್ಲರೂ ನಗುನಗುತ್ತಾ ಬಸ್ ಹತ್ತುತ್ತಿದ್ದರು. ಈ ಪಾಠ ಸಾಲದು ಎಂದು ನನಗೆ ಗೊತ್ತಾದದ್ದು ಒಂದು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಹಿಂದೆ ಕೂತು ನೋಡಿದಾಗ.

ಅಲ್ಲಿ ನನ್ನ ತರಬೇತಿಗೆ ಬಂದಿದ್ದ ಸದಸ್ಯೆಯೊಬ್ಬರಿದ್ದರು. ಒಂಬತ್ತು ವರ್ಷದಿಂದ ತಮ್ಮ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಿದ್ದವರು. ಸಂಘದಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಯಾರನ್ನೂ ಮನೆಗೆ ಬಿಡದ ಹೆಂಗಸು. ಪಂಚಾಯಿತಿ ಸಭೆಯಲ್ಲಿ ಬಾಗಿಲ ಪಕ್ಕದ ಕೊನೆ ಕುರ್ಚಿಯಲ್ಲಿ ಸೆರಗು ಬಿಗಿ ಹಿಡಿದು ಕೂತಿದ್ದರು. ಹನ್ನೊಂದಕ್ಕೆ ಕರೆದ ಸಭೆ ಶುರುವಾದದ್ದು ಒಂದೂವರೆಗೆ. ಮೊದಲು ಹಾಜರಿ ಪುಸ್ತಕ ಬಂತು, ಎಲ್ಲರೂ ಸಹಿ ಹಾಕಿದರು. ಅದರ ಹಿಂದೆಯೇ ನಡಾವಳಿ ಪುಸ್ತಕವೂ ಬಂತು. ಹಾಳೆ ಖಾಲಿ ಇತ್ತು, ಕೆಳಗೆ ಸಹಿಗೆ ಮಾತ್ರ ಜಾಗ. ಅಲ್ಲೂ ಸಹಿ ಬಿತ್ತು. ಆಮೇಲೆ ಹದಿನಾಲ್ಕು ವಿಷಯಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದರು. "ಒಪ್ಪಿಗೆನಾ? ಒಪ್ಪಿಗೆ. ಮುಂದಕ್ಕೆ." ಕಾಲು ಗಂಟೆಯೂ ಹಿಡಿಯಲಿಲ್ಲ.

ಖರ್ಚಿನ ವಿಷಯ ಬಂದಾಗ ಕೊಳವೆಬಾವಿಯ ಮೋಟರ್ ರಿವೈಂಡಿಂಗ್ ಬಿಲ್ ಒಂದು ಹಾದು ಹೋಯಿತು. ಆಕೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಆ ಮೋಟರ್ ಎತ್ತೇ ಇಲ್ಲ ಮೇಡಂ. ಎತ್ತಿದ್ರೆ ಎರಡು ದಿನ ನೀರು ಬರ್ತಿರ್ಲಿಲ್ಲ. ಕೊಡ ಹಿಡ್ಕಂಡು ನಿಲ್ಲೋರು ನಾವೇ ಅಲ್ವಾ, ನಮಗೆ ಗೊತ್ತಾಗಲ್ವಾ?"

ಆ ಸಭೆಯಲ್ಲಿದ್ದ ಯಾರಿಗೂ ಇಲ್ಲದ ಮಾಹಿತಿ ಆಕೆಯ ಬಳಿ ಇತ್ತು. ಲೆಕ್ಕ ಗೊತ್ತಿತ್ತು. ಧೈರ್ಯಕ್ಕೂ ಕೊರತೆ ಇರಲಿಲ್ಲ, ಸಂಘದ ಸಾಲ ವಸೂಲಿಗೆ ಊರ ದೊಡ್ಡವರ ಮನೆ ಬಾಗಿಲಿಗೇ ಹೋಗಿ ನಿಂತವರು ಅವರು. ಇಲ್ಲದೇ ಇದ್ದದ್ದು ಬಾಯಿ ತೆರೆಯುವಷ್ಟು ಬಿಡುವು. ಎರಡು ವಿಷಯಗಳ ನಡುವೆ ಉಸಿರೆಳೆದುಕೊಳ್ಳಲೂ ಆಸ್ಪದವಿಲ್ಲದ ಸಭೆಯಲ್ಲಿ "ಎದ್ದು ಮಾತಾಡಿ" ಎಂದು ಹೇಳಿಕೊಟ್ಟರೆ ಏನು ಉಪಯೋಗ? ನಾನು ಇಷ್ಟು ದಿನ ಹೊಸಬರನ್ನು ತಿದ್ದುತ್ತಿದ್ದೆ. ತಿದ್ದಬೇಕಾದದ್ದು ಸಭೆಯನ್ನು.

ಮುಂದೆ ಅಲ್ಲಿಗೆ ಬೇರೊಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಂದರು, ಕೇಳುವ ಮನಸ್ಸಿದ್ದವರು. ಅವರ ಜೊತೆ ಕೂತು ಮೂರು ಸಣ್ಣ ಬದಲಾವಣೆ ಮಾಡಿಕೊಂಡೆವು. ಕಾರ್ಯಸೂಚಿಯನ್ನು ಮೊದಲೇ ಮನೆಗೆ ತಲುಪಿಸುವುದು, ಸರ್ಕಾರಿ ಭಾಷೆ ಬಿಟ್ಟು ಆಡುಮಾತಿನಲ್ಲಿ. ಪ್ರತಿ ಬಿಲ್ಲಿನ ಮೊತ್ತ, ಕೆಲಸ ನಡೆದ ಜಾಗ, ದಿನ ಇಷ್ಟನ್ನೂ ಗಟ್ಟಿಯಾಗಿ ಓದುವುದು. ಅಭಿಪ್ರಾಯ ಕೇಳುವಾಗ ಕೊನೆಯ ಕುರ್ಚಿಯಿಂದ ಶುರು ಮಾಡುವುದು. ಎರಡನೇ ತಿಂಗಳು ಇನ್ನೊಂದು ಮೋಟರ್ ಬಿಲ್ ಬಂದಾಗ ಆಕೆ ಕೂತಲ್ಲಿಂದಲೇ ಕೇಳಿದರು: "ಎತ್ತಿದ್ದು ಯಾವ ದಿನ ಸಾರ್?" ಭಾಷಣವೇನೂ ಇಲ್ಲ, ನಾಲ್ಕು ಮಾತು ಅಷ್ಟೆ. ನೀರಗಂಟಿಯನ್ನು ಕರೆಸಿದರು. ಆತ ಮುಖ ತಗ್ಗಿಸಿ ನಿಂತ. ಬಿಲ್ ತಡೆಹಿಡಿದರು.

ನಮ್ಮ ಜಿಲ್ಲೆಯಲ್ಲಿ ಮಹಿಳೆಯರ ಯಾವ ಕಾರ್ಯಕ್ರಮವೂ ಓಬವ್ವನ ಹೆಸರಿಲ್ಲದೆ ಶುರುವಾಗುವುದಿಲ್ಲ. 2021ರಿಂದ ನವೆಂಬರ್ 11ನ್ನು ಸರ್ಕಾರವೇ ಅವಳ ಜಯಂತಿಯಾಗಿ ಆಚರಿಸುತ್ತಿದೆ. ನಾವೆಲ್ಲ ಒನಕೆಯನ್ನು ನೆನೆಯುತ್ತೇವೆ. ನನಗೆ ಈಗೀಗ ನೆನಪಾಗುವುದು ಕೊಡ. ಕಾವಲಿನವನು ಊಟಕ್ಕೆ ಕೂತಿದ್ದಾಗ ನೀರು ತರಲು ಹೋದವಳಿಗೆ ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದುದು ಕಂಡಿತು ಎಂದಲ್ಲವೇ ಕಥೆ? ಮೋಟರ್ ಬಿಲ್ಲಿನ ವಿಷಯದಲ್ಲೂ ಆದದ್ದು ಅದೇ.

ಇದು ಬರೀ ನಮ್ಮೂರ ಅನುಭವವಲ್ಲ. ಪಶ್ಚಿಮ ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯಿತಿಗಳ ಬಗ್ಗೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಹಿಳಾ ಮೀಸಲಿನಿಂದ ಅಧ್ಯಕ್ಷರಾದವರ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಎರಡೂ ಕಡೆ ಹೆಂಗಸರ ದೂರುಗಳಲ್ಲಿ ನೀರೇ ಮುಂದಿತ್ತು. ಯಾರು ಕುರ್ಚಿಯಲ್ಲಿ ಕೂರುತ್ತಾರೆ ಎಂಬುದರ ಮೇಲೆ ಹಣ ಎಲ್ಲಿಗೆ ಹರಿಯುತ್ತದೆ ಎಂಬುದೂ ಬದಲಾಗುತ್ತದೆ. ಹೀಗಾಗಿ ಎಲ್ಲರಿಗೂ ಜಾಗ ಕೊಡುವುದು ಯಾರಿಗೋ ಮಾಡುವ ಉಪಕಾರ ಎಂದು ನಾನು ಒಪ್ಪುವುದಿಲ್ಲ. ಊರಿನ ಕೆಲಸ ಸರಿಯಾಗಿ ಆಗಬೇಕೆಂದರೆ ಅದು ಬೇಕೇ ಬೇಕು.

ಕುರ್ಚಿಯವರೆಗೆ ಬರುವ ದಾರಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಮೀಸಲಾತಿ ದೊಡ್ಡ ಬಾಗಿಲು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆ ನಮ್ಮ ರಾಜ್ಯದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಇಟ್ಟಿತು. 1987ರ ಚುನಾವಣೆಯಲ್ಲಿ ಅದು ಜಾರಿಗೂ ಬಂತು. ಮೂರನೇ ಒಂದು ಭಾಗ ಎಂದು ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಹೇಳಿದ್ದು ಅದಾದ ಮೇಲೆ, 1993ರಲ್ಲಿ. ಈಗ ನಮ್ಮಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದು. ಇಷ್ಟು ಅಗಲವಾದ ಬಾಗಿಲು ತೆರೆದ ಮೇಲೂ ಒಳಗೆ ಕೊನೆ ಕುರ್ಚಿಯೇ ಯಾಕೆ ಸಿಗುತ್ತದೆ?

ಒಂದು ಕಾರಣ, ಬಾಗಿಲಿಗೆ ಮುಂಚಿನ ಮೆಟ್ಟಿಲುಗಳು. ಗೌಡರ ಮನೆಯ ಹುಡುಗ ಜಗಲಿಯಲ್ಲಿ ನಡೆಯುವ ಪಂಚಾಯಿತಿ ನೋಡುತ್ತಲೇ ಬೆಳೆಯುತ್ತಾನೆ. ಅರ್ಜಿ ಹೇಗೆ ಬರೆಯಬೇಕು, ಯಾವ ಸಾಹೇಬರನ್ನು ಹೇಗೆ ಮಾತಾಡಿಸಬೇಕು ಎಲ್ಲ ಅವನಿಗೆ ಯಾರೂ ಹೇಳಿಕೊಡದೆಯೇ ಬರುತ್ತದೆ. ಕೂಲಿ ಮಾಡುವವರ ಮಕ್ಕಳಿಗೆ ಆ ಜಗಲಿ ಇಲ್ಲ. ಅವರಿಗೆ ಬೇರೆ ಕಲಿಕೆಯ ಜಾಗ ಬೇಕು. ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಹತ್ತಿ ಗಿರಣಿಗಳು ಅಂಥ ಜಾಗಗಳಾಗಿದ್ದವು. ಗೇಟಿನ ಮುಂದಿನ ಸಭೆಯಲ್ಲಿ ಕಾರ್ಮಿಕರು ಬೇಡಿಕೆ ಪಟ್ಟಿ ಬರೆಯುವುದನ್ನು, ಮಾಲೀಕರ ಎದುರು ಕೂತು ಮಾತಾಡುವುದನ್ನು ಕಲಿತರು. ಕಾರ್ಮಿಕ ಚಳವಳಿಯಿಂದ ಬಂದ ಕಾಮ್ರೇಡ್ ಪಂಪಾಪತಿ ಸಿಪಿಐನಿಂದ ಊರಿನ ಶಾಸಕರಾದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕೆಲಸದ ಜೊತೆಗೆ ಈ ಮೆಟ್ಟಿಲೂ ಹೋಯಿತು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೇಯುವ ಕುಟುಂಬಗಳಿಗೆ, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಹುಡುಗಿಯರಿಗೆ ಅದಕ್ಕೆ ಬದಲಿಯಾದದ್ದು ಇವತ್ತಿಗೂ ಸಿಕ್ಕಿಲ್ಲ.

ಹಳ್ಳಿ ಕಡೆ ಆ ಮೆಟ್ಟಿಲಾಗಿ ಬಂದದ್ದು ಸ್ತ್ರೀಶಕ್ತಿ ಗುಂಪುಗಳು, ಈಗ ಸಂಜೀವಿನಿ ಒಕ್ಕೂಟಗಳು. ವಾರದ ಸಭೆ, ಉಳಿತಾಯ, ಸಾಲ, ಮರುಪಾವತಿ, ಪುಸ್ತಕ. ಐದನ್ನೂ ಐದು ವರ್ಷ ನಡೆಸಿದ ಹೆಂಗಸಿಗೆ ಪಂಚಾಯಿತಿಯ ಜಮಾ-ಖರ್ಚು ದೊಡ್ಡ ವಿಷಯವಲ್ಲ. ನರೇಗಾ ಕೆಲಸದಲ್ಲಿ ಕೂಲಿಕಾರರ ಗುಂಪಿನ ಉಸ್ತುವಾರಿ ನೋಡುವ ಕಾಯಕ ಬಂಧುಗಳಾದವರೂ ಹಾಗೆಯೇ. ಕೆರೆ ಹೂಳು ಎತ್ತುವ ಜಾಗದಲ್ಲಿ ಮೊಬೈಲ್ ಹಿಡಿದು ಹಾಜರಿ ಹಾಕಿ, ಅಳತೆ ಕಮ್ಮಿ ಬಂದಾಗ ಎಂಜಿನಿಯರ್ ಜೊತೆ ವಾದ ಮಾಡಿ ಬಂದವರು ಸದಸ್ಯರಾದರೆ ಬೇರೆಯೇ ಗತ್ತು ಇರುತ್ತದೆ. ಶಾಲೆಯ ಎಸ್‌ಡಿಎಂಸಿಯೂ ಒಳ್ಳೆಯ ಜಾಗ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಹೆಂಗಸರಿರಬೇಕು.

ಆದರೆ ಸಂಘಗಳನ್ನೂ ನಾನು ಹೊಗಳಿ ಸುಮ್ಮನಾಗಲಾರೆ. ಒಂದನೇ ಪ್ರತಿನಿಧಿ, ಎರಡನೇ ಪ್ರತಿನಿಧಿ ಆಗಾಗ ಬದಲಾಗಬೇಕು, ಎಷ್ಟೋ ಕಡೆ ಹತ್ತು ವರ್ಷದಿಂದ ಅವರೇ ಇದ್ದಾರೆ. ವಾರವಾರ ಉಳಿತಾಯ ಕಟ್ಟಲಾಗದ ಒಂಟಿ ಹೆಂಗಸರು ಮೊದಲ ವರ್ಷವೇ ಬಿಟ್ಟು ಹೋಗಿರುತ್ತಾರೆ. ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ ಗುಳೆ ಹೋಗುವ ತಾಂಡಾದವರು ಸಭೆಗೆ ಬರುವುದಾದರೂ ಹೇಗೆ? ಗುಳೆಯಿಂದ ಬಂದ ಮೇಲೆ ಒಟ್ಟಿಗೆ ಕಟ್ಟಬಹುದು ಎಂದು ನಿಯಮ ಮಾಡಿಕೊಂಡ ಸಂಘವೊಂದನ್ನು ನೋಡಿದ್ದೇನೆ. ಅಲ್ಲಿ ಯಾರೂ ಬಿಟ್ಟು ಹೋಗಿರಲಿಲ್ಲ.

ಇನ್ನು ಭದ್ರಾ ನಾಲೆಯ ನೀರು ಬಳಕೆದಾರರ ಸಂಘಗಳು. ದಾವಣಗೆರೆ ಭಾಗದ ಕೊನೆ ಅಂಚಿನ ರೈತರಿಗೆ ಇವು ಎಷ್ಟು ಮುಖ್ಯ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ನಾಟಿ ಹಾಕುವವರು, ಕಳೆ ತೆಗೆಯುವವರು ಹೆಂಗಸರು. ಸದಸ್ಯತ್ವ ಜಮೀನಿರುವವರಿಗೆ, ಪಹಣಿಯಲ್ಲಿರುವುದು ಗಂಡಸರ ಹೆಸರು. ಇಲ್ಲಿ ಎಷ್ಟೇ ತರಬೇತಿ ಕೊಟ್ಟರೂ ವ್ಯರ್ಥ, ಪಹಣಿಗೆ ಹೆಂಡತಿಯ ಹೆಸರನ್ನೂ ಸೇರಿಸುವುದರಿಂದಲೇ ಶುರುವಾಗಬೇಕು.

ಯಾವ ಮೆಟ್ಟಿಲೂ ಇಲ್ಲದೆ ಬಂದವರೂ ಇದ್ದಾರೆ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಅವರು ಮನೆಯಿಂದ ಹೊರಬಿದ್ದ ಕಷ್ಟದ ದಿನಗಳಲ್ಲಿ ಜೋಗತಿ ನೃತ್ಯವನ್ನು ಕಂಡು ಕಲಿಯಲು ಹೊರಟದ್ದು ದಾವಣಗೆರೆ ಬಸ್ ನಿಲ್ದಾಣದ ಬಳಿ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಮುಂದೆ ಪದ್ಮಶ್ರೀಯೂ ಬಂತು. ಅವರನ್ನು ಕಂಡರೆ ನನಗೆ ಅಪಾರ ಗೌರವ. ಆದರೆ "ನೋಡಿ, ಮನಸ್ಸು ಮಾಡಿದರೆ ಯಾರು ಬೇಕಾದರೂ ಬರಬಹುದು" ಎಂದು ಅವರ ಉದಾಹರಣೆ ಕೊಟ್ಟು ಮಾತು ಮುಗಿಸುವವರನ್ನು ಕಂಡರೆ ಬೇಸರವಾಗುತ್ತದೆ. ಅಷ್ಟು ನೋವು ತಿಂದ ಮೇಲೆಯೇ ಒಂದು ಕುರ್ಚಿ ಸಿಗುವುದಾದರೆ ಆ ವ್ಯವಸ್ಥೆ ಸರಿ ಇದೆ ಎನ್ನಲು ಹೇಗೆ ಸಾಧ್ಯ?

ಮತ್ತೆ ಸಭೆಗೆ ಬರುತ್ತೇನೆ, ನಾವು ನಾಳೆಯೇ ಬದಲಾಯಿಸಬಹುದಾದದ್ದು ಅಲ್ಲಿದೆ. ಜಾಗದಿಂದಲೇ ನೋಡಿ. ವಾರ್ಡ್ ಸಭೆಯನ್ನು ದೇವಸ್ಥಾನದ ಕಟ್ಟೆಯ ಮೇಲೆ ಇಟ್ಟರೆ ಕೇರಿಯವರು ಕೆಳಗೆ ನಿಂತೇ ಕೇಳುವ ಊರುಗಳು ಇನ್ನೂ ಇವೆ. ಅದೇ ಸಭೆಯನ್ನು ಶಾಲೆಯ ಅಂಗಳದಲ್ಲಿ, ಒಮ್ಮೊಮ್ಮೆ ಕೇರಿಯ ಅಂಗನವಾಡಿಯ ಮುಂದೆ ಇಟ್ಟಾಗ ನಿಂತವರು ಕೂರುತ್ತಾರೆ. ಕೂತವರು ಕೇಳುತ್ತಾರೆ. ಮಹಡಿ ಮೇಲಿನ ಸಭಾಂಗಣಕ್ಕೆ ಕಾಲು ಊನವಾದ ಸದಸ್ಯರೊಬ್ಬರನ್ನು ಇಬ್ಬರು ಎತ್ತಿಕೊಂಡು ಹೋದದ್ದನ್ನು ನೋಡಿದ್ದೇನೆ. ಅವರು ಮುಂದಿನ ತಿಂಗಳು ಬರಲಿಲ್ಲ. ಕೆಳಗಿನ ಕೋಣೆಯಲ್ಲಿದ್ದ ಬೀರುಗಳನ್ನು ಸರಿಸಿ ಸಭೆ ಅಲ್ಲಿಗೆ ತರಲು ಬೇಕಾದದ್ದು ಅರ್ಧ ದಿನದ ಕೆಲಸ.

ಸಮಯವೂ ಅಷ್ಟೇ. ಕೂಲಿ ಬಿಟ್ಟು ಬಂದವರಿಗೆ ಹನ್ನೊಂದರ ಸಭೆ ಹನ್ನೊಂದಕ್ಕೇ ಶುರುವಾಗಬೇಕು, ಕೊನೆ ಬಸ್ಸಿಗೆ ಮುಂಚೆ ಮುಗಿಯಬೇಕು. ಒಂದು ಗೊಲ್ಲರಹಟ್ಟಿಯ ಸದಸ್ಯೆ ಎರಡು ಮೂರು ತಿಂಗಳಿಗೊಮ್ಮೆ ಗೈರಾಗುತ್ತಿದ್ದರು. ಆಸಕ್ತಿ ಇಲ್ಲ ಎಂದೇ ಎಲ್ಲರೂ ಬರೆದುಕೊಂಡಿದ್ದರು. ಮನೆಗೆ ಹೋಗಿ ಕೇಳಿದಾಗ ತಲೆ ತಗ್ಗಿಸಿ, "ಆ ದಿನಗಳಲ್ಲಿ ಹೊರಗಿರ್ತೀವಲ್ಲ ಅಕ್ಕ, ಹೆಂಗೆ ಬರಾದು?" ಅಂದರು. ಮುಟ್ಟಿನ ದಿನಗಳಲ್ಲಿ ಹೆಣ್ಣನ್ನು ಹೊರಗಿಡುವ ಪದ್ಧತಿ ಹೋಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದು ಹೋಗುವವರೆಗೆ ಆಕೆಯ ವಾರ್ಡಿನ ಕೆಲಸ ನಿಲ್ಲಬಾರದಲ್ಲ. ಸಭೆಯ ದಿನ ಗೊತ್ತು ಮಾಡುವ ಮುಂಚೆ ಆಕೆಯನ್ನು ಒಂದು ಮಾತು ಕೇಳುವುದೆಂದು ಅಧ್ಯಕ್ಷೆ ತಾವಾಗಿಯೇ ಒಪ್ಪಿದರು. ಆಮೇಲೆ ಗೈರುಹಾಜರಿ ನಿಂತಿತು. ವರ್ಷ ಕಳೆಯುವುದರೊಳಗೆ, ತಾನು ಸದಸ್ಯೆ, ಆ ದಿನಗಳಲ್ಲೂ ಸಭೆಗೆ ಹೋಗಿಬರುತ್ತೇನೆ ಎಂದು ಆಕೆಯೇ ಮನೆಯಲ್ಲಿ ಹೇಳಿದರಂತೆ.

ಗಂಡಂದಿರ ಪ್ರಶ್ನೆಗೆ ನನ್ನ ಉತ್ತರ ಇದು. ಸಹಾಯ ಬೇಡ ಅನ್ನುವುದಿಲ್ಲ. ಬೈಕಿನಲ್ಲಿ ಕರೆತನ್ನಿ, ಸಭೆಯ ದಿನ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಳ್ಳಿ. ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಮಾತ್ರ ಕೂರಬೇಡಿ. ಅಧಿಕಾರಿಗಳಿಗೂ ಒಂದು ಮಾತು: ಅಧ್ಯಕ್ಷೆಯ ನಂಬರಿಗೆ ಫೋನ್ ಮಾಡಿದಾಗ ಗಂಡ ಎತ್ತಿದರೆ ವಿಷಯ ಅವರಿಗೇ ಹೇಳಿ ಮುಗಿಸಬೇಡಿ. "ಅಧ್ಯಕ್ಷರಿಗೆ ಕೊಡಿ" ಅನ್ನಿ. ಮೂರು ಸಲ ಹೀಗಂದರೆ ನಾಲ್ಕನೇ ಸಲ ಫೋನ್ ಆಕೆಯ ಕೈಯಲ್ಲೇ ಇರುತ್ತದೆ. ಇದನ್ನು ನಾನು ಮಾಡಿ ನೋಡಿದ್ದೇನೆ.

ಒಂದು ತೊಡಕು ಮಾತ್ರ ನನ್ನನ್ನು ಇನ್ನೂ ಕಾಡುತ್ತದೆ. ಎರಡೂವರೆ ವರ್ಷದ ಅಧ್ಯಕ್ಷಗಿರಿ, ಅದರೊಳಗೂ ತಿಂಗಳ ಲೆಕ್ಕದ ಒಪ್ಪಂದ, ಮುಂದಿನ ಸಲಕ್ಕೆ ಮೀಸಲಾತಿಯೇ ಬದಲಾಗಿ ವಾರ್ಡ್ ಸಾಮಾನ್ಯ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಕೈ ತಪ್ಪುತ್ತದೆ. ಸಾಮಾನ್ಯ ಅಂದರೆ ಗಂಡಸರದು ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೂ ಊರಿನಲ್ಲಿ ಹಾಗೆಯೇ ಓದಿಕೊಳ್ಳುತ್ತಾರೆ. ಮೋಟರ್ ಬಿಲ್ ಕೇಳಿದ ಆ ಸದಸ್ಯೆಯೂ ಇದನ್ನೇ ಯೋಚಿಸುತ್ತಿದ್ದಾರೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. "ವಾರ್ಡ್ ಜನರಲ್ ಆದ್ರೂ ನಿಲ್ತೀನಿ ಮೇಡಂ, ಸಂಘದೋರೆಲ್ಲ ಸೇರಿ ಡಿಪಾಸಿಟ್ ಕಟ್ತೀವಿ ಅಂದವ್ರೆ" ಅಂದರು.

ಓದುವವರಲ್ಲಿ ಪಿಡಿಒಗಳು, ಕಾರ್ಯದರ್ಶಿಗಳು, ಹಾಲಿನ ಸಂಘ, ಶಾಲಾ ಸಮಿತಿ ನಡೆಸುವವರು ಇದ್ದರೆ ಒಂದು ಕೆಲಸ ಮಾಡಿ. ಕಳೆದ ಮೂರು ಸಭೆಗಳ ನಡಾವಳಿ ತೆಗೆಯಿರಿ. ಯಾರ ಹೆಸರಿನಲ್ಲಿ ಯಾವ ಮಾತು ದಾಖಲಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಾಜರಿಯಲ್ಲಿ ಸಹಿ ಇದ್ದು ಮೂರು ಸಭೆಯಲ್ಲೂ ಒಂದು ಮಾತೂ ದಾಖಲಾಗದವರ ಪಟ್ಟಿ ಮಾಡಿ. ಮುಂದಿನ ಸಭೆಯಲ್ಲಿ ಅವರಿಂದಲೇ ಶುರು ಮಾಡಿ.